ಮುದ್ದೆಮಾಲು ಕೊಠಡಿಯ ಒಂಬತ್ತು ದಿನ

ಹೋದ ವರ್ಷ ನಮ್ಮ ಕೋರ್ಟು ಹೊಸ ಕಟ್ಟಡಕ್ಕೆ ಹೋಯಿತು. ಯಾವ ಊರಿನ ಕೋರ್ಟು ಎಂದು ಬಿಡಿಸಿ ಹೇಳುವುದಿಲ್ಲ. ಶಿಕಾರಿಪುರದಲ್ಲೂ ಕೆಲಸ ಮಾಡಿದ್ದೇನೆ, ಸೊರಬದಲ್ಲೂ ಮಾಡಿದ್ದೇನೆ. ಎರಡೂ ಕಡೆ ನನ್ನ ಜೊತೆಗಿದ್ದವರು ಇನ್ನೂ ಇದ್ದಾರೆ, ಓದುತ್ತಾರೆ, ಫೋನು ಮಾಡುತ್ತಾರೆ. ಟೈಪಿಸ್ಟ್ ಆಗಿ ಸೇರಿ ಟೈಪಿಸ್ಟ್ ಆಗಿಯೇ ನಿವೃತ್ತಳಾದವಳು ನಾನು. ಇಷ್ಟು ಸಾಕು.

ಹೊಸ ಕಟ್ಟಡದ ಉದ್ಘಾಟನೆಗೆ ಎರಡು ತಿಂಗಳಿದೆ ಎನ್ನುವಾಗ ಒಬ್ಬ ಯುವ ವಕೀಲರು ಫೋನು ಮಾಡಿದರು.

"ಮೇಡಂ, ಒಂದು ಸ್ಮರಣ ಸಂಚಿಕೆ ತರ್ತಾ ಇದೀವಿ. ಹಳೇ ಕೋರ್ಟು, ಹಳೇ ಜೈಲು, ಅದರ ಇತಿಹಾಸ ಒಂದೆರಡು ಪುಟ ಬರೆದುಕೊಡಬೇಕು. ನಿಮಗಿಂತ ಹಳಬರು ಯಾರೂ ಸಿಗ್ತಿಲ್ಲ."

"ನಾನು ಬೇರೆಯವರು ಹೇಳಿದ್ದನ್ನ ಟೈಪು ಮಾಡಿದವಳಪ್ಪ. ಬರೆದವಳಲ್ಲ."

"ಪರವಾಗಿಲ್ಲ ಮೇಡಂ. ಸ್ವಾತಂತ್ರ್ಯ ಹೋರಾಟಗಾರರನ್ನ ಅಲ್ಲಿ ಇಟ್ಟಿದ್ರಂತಲ್ಲ, ಅದೊಂದು ಬರಲೇಬೇಕು."

ಒಪ್ಪಿಕೊಂಡೆ. ಮನೆಯಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ. ನಾಲ್ಕು ದಿನ ಹಳೇ ಕಟ್ಟಡಕ್ಕೆ ಹೋಗಿ ಕೂತೆ. ಆಗಲೇ ಕುರ್ಚಿ ಮೇಜು ಸಾಗಿಸಿಯಾಗಿತ್ತು. ಸಾಹೇಬರ ಪೀಠವಿದ್ದ ಜಾಗದಲ್ಲಿ ಗೋಡೆಯ ಬಣ್ಣ ಬೇರೆಯಾಗಿ ಉಳಿದಿತ್ತು.

ಕಟ್ಟಡ ಮಹಾರಾಜರ ಕಾಲದ್ದು ಎನ್ನುತ್ತಾರೆ. ಕಟ್ಟಿದ ಇಸವಿ ಕೊರೆದ ಕಲ್ಲೊಂದು ಬಾಗಿಲ ಮೇಲಿತ್ತು. ಅದಕ್ಕೂ ಸೇರಿಸಿ ವರ್ಷವರ್ಷ ಸುಣ್ಣ ಹೊಡೆದು, ಸುಣ್ಣದ ಕಾಲ ಮುಗಿದ ಮೇಲೆ ಬಣ್ಣ ಹೊಡೆದು, ಈಗ ಬೆರಳಾಡಿಸಿದರೂ ಅಕ್ಷರ ಸಿಗುವುದಿಲ್ಲ. ಮುಂದೆ ಕೋರ್ಟು ಹಾಲು, ಪಕ್ಕಕ್ಕೆ ನಮ್ಮ ಕಚೇರಿ, ಹಿಂದೆ ಒಂದು ಅಂಗಳ, ಅಂಗಳದಾಚೆ ಜೈಲು. ಜೈಲೆಂದರೆ ಗಂಡಸರಿಗೆ ಮೂರು ಕೊಠಡಿ, ಹೆಂಗಸರಿಗೆ ಒಂದು. ಕೋರ್ಟಿನ ಹಿಂಬಾಗಿಲಲ್ಲಿ ನಿಂತು ಸ್ವಲ್ಪ ಗಟ್ಟಿಯಾಗಿ ಕರೆದರೆ ಕಂಬಿಯ ಹಿಂದಿದ್ದವನು ಓಗೊಡುತ್ತಿದ್ದ. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಹೆಂಗಸರ ಕೊಠಡಿ ಮುದ್ದೆಮಾಲು ಕೊಠಡಿಯಾಗಿತ್ತು. ಮುದ್ದೆಮಾಲು ಎಂದರೆ ಕೇಸಿನಲ್ಲಿ ಜಪ್ತಿ ಮಾಡಿದ ಸಾಮಾನು: ಕೊಡಲಿ, ಕುಡುಗೋಲು, ಸೈಕಲ್ಲು, ಕಳ್ಳಬಟ್ಟಿ ಕಾಯಿಸಿದ ಮಡಕೆ, ರಕ್ತದ ಕಲೆಯ ಪಂಚೆ. ಎಲ್ಲಕ್ಕೂ ಚೀಟಿ ಕಟ್ಟಿ ಒಳಗೆ ಒಟ್ಟಿರುತ್ತಿದ್ದರು.

ಹಳೇ ಬಂಧಿಗಳ ರಿಜಿಸ್ಟರುಗಳು ಎರಡು ಗೋಣಿಚೀಲದಲ್ಲಿದ್ದವು. ಹೋರಾಟಗಾರರ ಹೆಸರು ಹುಡುಕಿದೆ. ಕಾಡಿನ ಮರ ಕಡಿದವರು, ಮೀಸಲು ಹುಲ್ಲಿಗೆ ದನ ಬಿಟ್ಟವರು, ಕೋಳಿ ಕದ್ದವರು, ಗದ್ದೆ ಬದುವಿಗೆ ಹೊಡೆದಾಡಿಕೊಂಡ ಅಣ್ಣತಮ್ಮಂದಿರು ಸಿಕ್ಕರು. ದೇಶಕ್ಕಾಗಿ ಬಂದವರೊಬ್ಬರೂ ಸಿಗಲಿಲ್ಲ. ಇದ್ದರೆ ಗೆದ್ದಲು ತಿಂದ ಪುಟಗಳಲ್ಲಿ ಇದ್ದಿರಬೇಕು. ಈಚಿನ ಒಂದು ರಿಜಿಸ್ಟರಿನಲ್ಲಿ, ಎಡಗಡೆ ಪುಟದ ನಡುವಿನ ಒಂದು ಸಾಲಿಗೆ ಬಂದು ನಿಂತೆ. ಹೆಂಗಸಿನ ಹೆಸರು. ವಯಸ್ಸು ಮೂವತ್ತು. ಕಸುಬು ಕುರಿ ಸಾಕಣೆ. ಹೊರಗೆ ಹೋದ ಕಾರಣ ಎಂಬ ಕಾಲಮ್ಮಿನಲ್ಲಿ "ಶಿವಮೊಗ್ಗಕ್ಕೆ ರವಾನೆ" ಎಂದಿತ್ತು.

ಆ ಕಟ್ಟಡದ ಇತಿಹಾಸದಲ್ಲಿ ನನಗೆ ನಿಜವಾಗಿ ಗೊತ್ತಿರುವುದು ಆ ಒಂದು ಸಾಲು ಮಾತ್ರ.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ನಾವಾಗ ಶಿರಾಳಕೊಪ್ಪದಲ್ಲಿ ಮನೆ ಮಾಡಿದ್ದೆವು. ನಮ್ಮನೆಯವರು ಹೈಸ್ಕೂಲು ಮೇಷ್ಟ್ರು. ನಾನು ದಿನಾ ಬಸ್ಸಿನಲ್ಲಿ ಹೋಗಿಬಂದು ಕೆಲಸ ಮಾಡುತ್ತಿದ್ದೆ. ಕೋರ್ಟಿನ ಸಿಬ್ಬಂದಿಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಅಂಗಳ ಗುಡಿಸಲು ಒಬ್ಬ ಅಜ್ಜಿ ಬರುತ್ತಿದ್ದಳು, ಅವಳನ್ನು ಯಾರೂ ಸಿಬ್ಬಂದಿ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಒಂದು ಸೋಮವಾರ ಪೊಲೀಸರು ಆ ಹೆಂಗಸನ್ನು ಹಾಜರುಪಡಿಸಿದರು. ಅಂಜನಾಪುರದ ಕಾಲುವೆಯ ಕೆಳಗಿನ ಒಂದು ಹೊಲದಲ್ಲಿ ಜಗಳವಾಗಿತ್ತು. ಕುರಿಯವರ ಮಂದೆ ಮೊಳಕಾಲುದ್ದ ಬಂದಿದ್ದ ಮೆಕ್ಕೆಜೋಳಕ್ಕೆ ನುಗ್ಗಿದೆ, ಹೊಲದವನು ಕೇಳಲು ಹೋಗಿದ್ದಾನೆ, ಇವಳು ಕೋಲಿನಿಂದ ಹೊಡೆದು ಅವನ ಕೈ ಮುರಿದಿದ್ದಾಳೆ. ಹಾಗೆಂದು ದೂರು. ಇವಳೂ "ಹೌದ್ರಿ, ನಾನೇ ಹೊಡ್ದಿದ್ದು" ಎಂದಳು. ಸಾಹೇಬರು ನ್ಯಾಯಾಂಗ ಬಂಧನಕ್ಕೆ ಕಳಿಸಿದರು. ಶಿವಮೊಗ್ಗಕ್ಕೆ ಕರೆದೊಯ್ಯಲು ಮಹಿಳಾ ಪೇದೆ ಬೇಕಿತ್ತು, ಬರಲಿಲ್ಲ. ಬರುವ ತನಕ ಇಲ್ಲೇ ಇರಲಿ ಎಂದಾಯಿತು. ಮುದ್ದೆಮಾಲನ್ನು ಒಂದು ಪಕ್ಕಕ್ಕೆ ಸರಿಸಿ, ಒಂದು ಚಾಪೆ ಹಾಸುವಷ್ಟು ಜಾಗ ಮಾಡಿದರು.

ಶಿರಸ್ತೇದಾರರು ನನ್ನನ್ನು ಕರೆದರು. ಕಚೇರಿಗೆ ಅವರೇ ಹಿರಿಯರು, ನಾವೆಲ್ಲ ಅವರ ಕೈಕೆಳಗೆ.

"ಜೈಲಲ್ಲಿ ಹೆಂಗಸರ ಕಾವಲಿಗೆ ಯಾರೂ ಇಲ್ಲಮ್ಮ. ನೀವು ಮೆಷಿನ್ನು ಅಲ್ಲಿ ಜಗಲಿಗೆ ಹಾಕಿಕೊಂಡು ಕೂತುಬಿಡಿ. ನಾಳೆ ನಾಡಿದ್ದರಲ್ಲಿ ಕಳಿಸ್ತೀವಿ. ಸಂಜೆ ಮೇಲೆ ಗುಡಿಸೋ ಅಜ್ಜಿ ಇರ್ತಾಳೆ."

ಹಾಗೆ ನಾನು ಟೈಪ್‌ರೈಟರಿನ ಸಮೇತ ಜೈಲಿನ ಜಗಲಿಗೆ ಹೋದೆ. ಕಂಬಿಯಾಚೆ ಅವಳು, ಈಚೆ ನಾನು.

ಮೊದಲ ದಿನ ಅವಳು ಗೋಡೆಗೊರಗಿ, ಸೈಕಲ್ಲುಗಳ ಪಕ್ಕ ಕಾಲು ಮಡಚಿ ಕೂತಿದ್ದಳು. ಎರಡನೇ ದಿನ ನನ್ನ ಬುತ್ತಿಯಲ್ಲಿ ಅರ್ಧ ಕೊಟ್ಟೆ. ಊಟ ಜೈಲಿನಿಂದಲೇ ಬರುತ್ತಿತ್ತು, ಆದರೆ ಅನ್ನ ಕಂಡರೆ ಅವಳು ಮುಖ ತಿರುಗಿಸುತ್ತಿದ್ದಳು. ನನ್ನದರಲ್ಲಿ ರೊಟ್ಟಿ ಇತ್ತು. ತಿಂದಳು. ತಿಂದ ಮೇಲೆ ಕೇಳಿದಳು, "ಅಕ್ಕಾರ, ಅದನ್ನ ದಿನಾ ಹಂಗ ಕುಟ್ಟಿದ್ರ ಬೆರಳು ನೋಯಂಗಿಲ್ಲೇನ್ರಿ?"

"ಅಭ್ಯಾಸ ಆಗಿದೆ" ಎಂದೆ.

"ಏನ್ ಬರೀತೀರಿ?"

"ಯಾರ್ಯಾರದೋ ಕೇಸು."

"ನಂದೂ ಬರೀತೀರಾ?"

ಬರೆದಿದ್ದೆ. ಅವಳನ್ನು ಒಳಗೆ ಹಾಕುವ ಆದೇಶವನ್ನು ಟೈಪು ಮಾಡಿದವಳು ನಾನೇ. ಮೂರನೇ ದಿನ ಜಾಮೀನಿನ ಆದೇಶವನ್ನೂ ನಾನೇ ಟೈಪು ಮಾಡಿದೆ. ಜಾಮೀನು ಸಿಗಲೇಬೇಕಾದ ಕೇಸದು. ಕೋರ್ಟೇ ನೇಮಿಸಿಕೊಟ್ಟ ವಕೀಲರೊಬ್ಬರು ಎರಡು ಮಾತಾಡಿದರು, ಸಾಹೇಬರು ಒಪ್ಪಿದರು. ಸ್ಥಳೀಯ ಜಾಮೀನುದಾರರೊಬ್ಬರು ಪಹಣಿ ಸಹಿತ ಹಾಜರಾಗಿ ಬರೆದುಕೊಟ್ಟರೆ ಬಿಡಬಹುದು ಎಂಬುದು ಆದೇಶ. ಓದಿ ಹೇಳಿದೆ.

"ಪಹಣಿ ಅಂದ್ರ?"

"ಹೊಲದ ಕಾಗದ. ಹೊಲ ಇದ್ದವರು ಯಾರಾದರೂ ಬಂದು, ಇವಳು ಓಡಿಹೋಗಲ್ಲ, ವಾಯಿದೆಗೆ ಬರ್ತಾಳೆ ಅಂತ ಸಹಿ ಮಾಡಬೇಕು."

ಅವಳು ನಕ್ಕಳು. "ನಮ್ಮೋರಾಗ ಹೊಲ ಯಾರಿಗೈತ್ರಿ? ಹೊಲ ಇದ್ದಿದ್ರ ಕುರಿ ಹಿಂದ ಯಾಕ ಊರೂರು ಅಡ್ಡಾಡ್ತಿದ್ವಿ?"

ಕೋರ್ಟಿನ ಮುಂದಿನ ಹೋಟೆಲಿನಲ್ಲಿ, ಯಾರು ಕರೆದರೂ ಬಂದು ಜಾಮೀನು ನಿಲ್ಲುವ ಇಬ್ಬರು ಮೂವರು ಇರುತ್ತಿದ್ದರು. ಆ ಸಾಹೇಬರು ಬಂದ ಮೇಲೆ ಅವರನ್ನು ಓಡಿಸಿದ್ದರು. ನ್ಯಾಯವಾಗಿಯೇ ಓಡಿಸಿದ್ದರು. ಇವಳ ಪಾಲಿಗೆ ಅದೂ ಮುಚ್ಚಿದ ಬಾಗಿಲಾಯಿತು.

ನಾಲ್ಕನೇ ದಿನ ನಿಜ ಹೇಳಿದಳು. ನಾನು ಕೇಳಿರಲಿಲ್ಲ.

"ಹೊಡ್ದಿದ್ದು ನಾನಲ್ರಿ ಅಕ್ಕಾರ. ಅವ್ನು, ನನ್ನ ಗಂಡ. ಹೊಲದಾತ ಮರಿ ಕಾಲಿಗೆ ಕಲ್ಲು ಬೀಸಿದ. ಇವ್ನಿಗೆ ಸಿಟ್ಟು ಬಂತು."

"ಮತ್ತೆ ನೀನು ಯಾಕೆ ಒಪ್ಪಿಕೊಂಡೆ?"

"ಅವ್ನನ್ನ ಹಿಡ್ಕಂಡು ಹೋದ್ರ ಕುರಿ ಯಾರ್ ಕಾಯ್ತಾರ? ನಾನು ಕೂಗಿದ್ರ ಅವು ತಲಿ ಎತ್ತಂಗಿಲ್ಲ. ಅವ್ನು ಒಂದ್ ಸಿಳ್ಳೆ ಹೊಡದ್ರ ಹಳ್ಳದಾಚೆ ಇದ್ದವೂ ಬರ್ತಾವ. ನಾ ಒಳಗಿದ್ರ ಒಬ್ಬಾಕಿ ಒಳಗ. ಅವ ಒಳಗಿದ್ರ ಕುರಿ ಹಿಂಡೇ ಹೋತು."

ಇದನ್ನು ಸಾಹೇಬರ ಮುಂದೆ ಹೇಳು ಎಂದೆ. ನನಗೆ ಬುದ್ಧಿಯಿಲ್ಲವೇನೋ ಎನ್ನುವಂತೆ ನೋಡಿದಳು.

ಆರನೇ ದಿನ ಅವಳ ಅತ್ತಿಗೆ ಬಂದಳು, ಗಂಡನ ಅಕ್ಕ. ಕಂಬಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಂದಿದ್ದ ಮುದ್ದೆಯ ಗಂಟನ್ನು ಒಳಗೆ ಕೊಟ್ಟು, ಮಾತಿಗೆ ತೊಡಗಿದಳು. ನಾನು ಎರಡು ಮಾರು ದೂರದಲ್ಲಿ ಟೈಪು ಮಾಡುತ್ತಿದ್ದೆ. ಕೇಳಿಸಲಿಲ್ಲ ಎಂದು ಹೇಳಿಕೊಳ್ಳುವಂತಿಲ್ಲ.

"ಹುಡುಗಿ ಕುರಿ ಜೋಡಿ ಒಬ್ಬಾಕಿ ಹೆಂಗಿರ್ತಾಳ? ಅಪ್ಪ ಗಂಡಸು, ಅವನಿಗೇನು ತಿಳೀತೈತಿ? ದೊಡ್ಡಾಕಿ ಆಗ್ಯಾಳ. ನಾಳೆ ಏನರ ಆದ್ರ? ನಮ್ ಹುಡುಗನಿಗೇ ಮಾಡ್ಕಂತೀವಿ. ಬರೋ ವಾರದಾಗ ಮುಗಿಸಿಬಿಡ್ತೀವಿ."

"ನಾ ಬರೋ ತನಕ ತಡೀ ಯವ್ವಾ."

"ನೀ ಎಂದು ಬರ್ತಿ?"

ಅತ್ತಿಗೆ ಹೋದ ಮೇಲೆ ಅವಳು ಕಂಬಿ ಹಿಡಿದು ನಿಂತಳು. "ಅಕ್ಕಾರ, ಅವಳಿಗೆ ಹದಿನಾಲ್ಕು. ಸಾಲಿಗೆ ಕಳಿಸಿದ್ದೆ, ಏಳರ ತನಕ ಓದ್ಯಾಳ. ನಮ್ಮಾಗ ಯಾರೂ ಓದಿಲ್ಲ. ಯಾರನ್ನರ ಕೇಳ್ರಿ. ಹೊಲ ಇದ್ದೋರು ಯಾರೂ ಇಲ್ಲೇನ್ರಿ ನಿಮಗ?"

ಇದ್ದರು. ನಾನೇ ಇದ್ದೆ.

ನಮ್ಮಪ್ಪ ತೀರಿಕೊಂಡು ಒಂದು ವರ್ಷವಾಗಿತ್ತು. ಗುಡವಿ ಕಡೆಯ ಒಂದು ಹಳ್ಳಿಯಲ್ಲಿ ಅವರ ಗದ್ದೆ ಇತ್ತು. ಒಬ್ಬಳೇ ಮಗಳಾದ್ದರಿಂದ ಖಾತೆ ನನ್ನ ಹೆಸರಿಗೆ ಬಂದಿತ್ತು. ಹಿಂದಿನ ಶನಿವಾರವಷ್ಟೇ ಸೊರಬಕ್ಕೆ ಹೋಗಿ, ನನ್ನ ಹೆಸರು ಬಿದ್ದಿದ್ದ ಹೊಸ ಪಹಣಿ ತಂದಿದ್ದೆ. ಕಚೇರಿಯಲ್ಲಿ ಎಲ್ಲರಿಗೂ ತೋರಿಸಬೇಕೆಂದು ಬುತ್ತಿಚೀಲದ ಪಕ್ಕದ ಜೇಬಿನಲ್ಲಿ ಮಡಿಸಿಟ್ಟುಕೊಂಡಿದ್ದೆ. ಅವಳು ಆ ಮಾತು ಕೇಳುವಾಗ ಚೀಲ ನನ್ನ ಕಾಲ ಬುಡದಲ್ಲಿತ್ತು.

"ನೋಡೋಣ" ಎಂದೆ.

ಮಧ್ಯಾಹ್ನ ಶಿರಸ್ತೇದಾರರ ಹತ್ತಿರ ಹೋಗಿ ಕೇಳಿದೆ. "ಸಾರ್, ಅವಳಿಗೆ ನಾನು ಜಾಮೀನು ನಿಲ್ಲಬಹುದಾ?"

ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು, ನನ್ನನ್ನು ಕೂರಿಸಿ, ನಿಧಾನವಾಗಿ ಹೇಳಿದರು. "ನಿಲ್ಲಬೇಡಿ ಅಂತ ಕಾನೂನು ಹೇಳಲ್ಲಮ್ಮ. ಆದರೆ ಕೋರ್ಟಲ್ಲಿ ಟೈಪು ಮಾಡೋರೇ ಆರೋಪಿಗೆ ಜಾಮೀನು ನಿಂತರೆ ಸಾಹೇಬರ ಕಣ್ಣಿಗೆ ಹೇಗೆ ಕಾಣುತ್ತೆ? ನಿಮ್ಮ ಬಡ್ತಿ ಕಾಗದ ಈಗ ತಾನೇ ಹೋಗಿದೆ. ಯೋಚನೆ ಮಾಡಿ."

ಸಂಜೆ ಮನೆಯಲ್ಲಿ ನಮ್ಮನೆಯವರಿಗೆ ಹೇಳಿದೆ. ಅವರು ಉತ್ತರಪತ್ರಿಕೆ ತಿದ್ದುತ್ತಿದ್ದರು, ತಲೆ ಎತ್ತಲಿಲ್ಲ. "ಕುರಿಯೋರು ಇವತ್ತು ಇಲ್ಲಿ, ನಾಳೆ ಹಿರೇಕೆರೂರು, ನಾಡಿದ್ದು ಇನ್ನೆಲ್ಲೋ. ಅವಳು ವಾಯಿದೆಗೆ ಬರದಿದ್ದರೆ ಹುಡುಕಿಕೊಂಡು ನೀನು ಹೋಗ್ತೀಯಾ? ನಿಮ್ಮಪ್ಪನ ಗದ್ದೆ ಅದು."

ಅವರು ಬೇಡವೆಂದದ್ದು ನನಗೆ ಸಮಾಧಾನವೇ ಆಯಿತು. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ನಾನು ಅವರ ಬಾಯಿಂದ ಬೇಡ ಎನ್ನುವ ಮಾತು ಬರಲೆಂದೇ ಕೇಳಿದ್ದೆ. ಶಿರಸ್ತೇದಾರರ ಹತ್ತಿರ ಹೋದದ್ದೂ ಅದಕ್ಕೇ. ನಿಜವಾಗಿ ನಿಲ್ಲಬೇಕೆಂದಿದ್ದರೆ ಪಹಣಿ ತೆಗೆದುಕೊಂಡು ನೇರ ಕೋರ್ಟು ಹಾಲಿಗೆ ಹೋಗುತ್ತಿದ್ದೆ. ಅಂಗಳ ದಾಟಿದರೆ ಮುಗಿಯಿತು. ಹದಿನಾಲ್ಕರ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ ಎಂಬುದೂ ಗೊತ್ತಿತ್ತು. ಅಂಥ ಕೇಸುಗಳನ್ನು ಟೈಪು ಮಾಡಿದ್ದೆ. ಕೋರ್ಟಿನ ಆವರಣದಲ್ಲೇ, ಹಗಲು ಹೊತ್ತಿನಲ್ಲಿ, ನನ್ನ ಕಿವಿಗೆ ಬಿದ್ದ ಮಾತದು. ಯಾರಾದರೂ ಅರ್ಜಿ ಬರೆದುಕೊಟ್ಟಿದ್ದರೆ ಅದನ್ನೂ ತಪ್ಪಿಲ್ಲದಂತೆ ಟೈಪು ಮಾಡುತ್ತಿದ್ದೆ.

ಭಾನುವಾರ ಕಳೆದು ಮತ್ತೆ ಹೋದಾಗ ಅವಳು ಕೇಳಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ. ಆಮೇಲೆ ನನ್ನ ರೊಟ್ಟಿಯನ್ನೂ ಮುಟ್ಟಲಿಲ್ಲ.

ಒಂಬತ್ತನೇ ದಿನ ಮಹಿಳಾ ಪೇದೆ ಬಂದಳು. ವ್ಯಾನು ಅಂಗಳಕ್ಕೆ ಬಂತು. ಹತ್ತುವ ಮುಂಚೆ ಅವಳು ನನ್ನ ಕಡೆ ತಿರುಗಿ, "ನಮ್ಮೋರು ಬಂದ್ರ ಶಿವಮೊಗ್ಗಕ್ಕ ಹೋಗ್ಯಾಳ ಅಂತ ಹೇಳ್ರಿ" ಎಂದಳು. ಆ ಮಧ್ಯಾಹ್ನವೇ ಸೈಕಲ್ಲುಗಳನ್ನು ಮತ್ತೆ ನಡುವಿಗೆ ಎಳೆದು ಹಾಕಿದರು. ನನ್ನ ಮೆಷಿನ್ನು ಕಚೇರಿಗೆ ವಾಪಸ್ಸು ಬಂತು.

ಆರು ದಿನ ಕಳೆದ ಮೇಲೆ ಗಂಡ ಬಂದ. ಕಂಬಳಿ ಹೊದ್ದ, ಎತ್ತರದ, ಮಾತು ಕಡಿಮೆಯ ಮನುಷ್ಯ. ಶಿವಮೊಗ್ಗಕ್ಕೆ ಕಳಿಸಿದ್ದಾರೆ ಎಂದೆ. ಯಾವ ಬಸ್ಸು ಎಂದು ಕೇಳಿದ. ಹೇಳಿದೆ. ಆಮೇಲೆ ತಡೆಯಲಾರದೆ ಕೇಳಿದೆ, "ಮಗಳು?"

"ಕೊಟ್ವಿ ರೀ. ಮೊನ್ನೆ ಮುಗೀತು" ಎಂದು ಹೇಳಿ, ನೆಲ ನೋಡುತ್ತ ಹೊರಟುಹೋದ.

ಶಿವಮೊಗ್ಗದಲ್ಲಿ ಅವಳು ಎರಡೂವರೆ ತಿಂಗಳಿದ್ದಳು. ಕೊನೆಗೆ ಹಿರೇಕೆರೂರು ಕಡೆಯ ಯಾರೋ ಒಬ್ಬ ಗೌಡರು, ಅವರ ಹೊಲದಲ್ಲಿ ಇವರು ವರ್ಷವೂ ಮಂದೆ ತರುಬುತ್ತಿದ್ದ ಪರಿಚಯಕ್ಕೆ, ಬಂದು ಜಾಮೀನು ನಿಂತರು. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಕೂಡುವ ಪರಿಚಯ, ಅಷ್ಟೇ. ಅವರು ಯೋಚನೆ ಮಾಡಲಿಲ್ಲ.

ಕೇಸು ಆರು ವರ್ಷ ನಡೆಯಿತು. ಓಡಿಹೋಗುತ್ತಾಳೆ ಎಂದಿದ್ದ ಹೆಂಗಸು ಒಂದು ವಾಯಿದೆಯನ್ನೂ ತಪ್ಪಿಸಲಿಲ್ಲ. ಎಲ್ಲಿಂದಲೋ ನಡೆದು, ಬಸ್ಸು ಹತ್ತಿ, ಬೆಳಿಗ್ಗೆಯೇ ಬಂದು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಬಂದ ಹೆಚ್ಚಿನ ದಿನ ಸಾಕ್ಷಿ ಇಲ್ಲ, ವಕೀಲರಿಲ್ಲ, ಸಾಹೇಬರು ರಜೆ ಎಂದು ಮುಂದಿನ ದಿನಾಂಕ ಕೊಟ್ಟು ಕಳಿಸುತ್ತಿದ್ದರು. ನಾನು ಆ ಕಡೆ ಹೋಗಬೇಕಾದಾಗ ಹಿಂಬಾಗಿಲಿಂದ ಹೋಗುತ್ತಿದ್ದೆ.

ಕೊನೆಗೆ ಕೈ ಮುರಿಸಿಕೊಂಡವನು ಕಟಕಟೆ ಹತ್ತಿ, "ಹೊಡೆದವರು ಯಾರೋ ನಾನು ಸರಿಯಾಗಿ ನೋಡಲಿಲ್ಲ" ಎಂದ. ಎರಡೂ ಕಡೆಯವರು ಹೊರಗೇ ರಾಜಿಯಾಗಿದ್ದರು. ಆ ಬೇಸಿಗೆಯಲ್ಲಿ ಅವನ ಹೊಲದಲ್ಲಿ ಇವರದೇ ಮಂದೆ ಇತ್ತಂತೆ. ಅನುಮಾನಕ್ಕೆ ಎಡೆಯಿಲ್ಲದಂತೆ ರುಜುವಾತಾಗಿಲ್ಲವಾದ್ದರಿಂದ ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ ಎಂದು ಟೈಪು ಮಾಡಿದೆ. ನಾಲ್ಕು ಪ್ರತಿ. ಅವಳು ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋದಳು. ಆ ವರ್ಷವೇ, ಅಷ್ಟು ದಿನ ಎಲ್ಲೋ ಬಿದ್ದಿದ್ದ ನನ್ನ ಬಡ್ತಿಯ ಕಾಗದವೂ ತಿರಸ್ಕಾರವಾಗಿ ಬಂತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಆ ದಿನ ಬಸ್ಸಿನಲ್ಲಿ ಕೂತು ನಕ್ಕಿದ್ದು ನೆನಪಿದೆ.

ಇದನ್ನೆಲ್ಲ ಬರೆದು ಸಂಚಿಕೆಗೆ ಕೊಟ್ಟೆ. ಎರಡು ಪುಟ ಕೇಳಿದ್ದರು, ಒಂಬತ್ತು ಪುಟವಾಯಿತು. ಮೂರು ದಿನದ ಮೇಲೆ ಯುವ ವಕೀಲರು ಮನೆಗೇ ಬಂದರು. ಕಾಫಿ ಕುಡಿದರು. "ಚೆನ್ನಾಗಿದೆ ಮೇಡಂ, ಓದಿ ನನಗೇ ಒಂಥರಾ ಆಯ್ತು" ಎಂದರು. ಸಂಚಿಕೆ ಬಂದಾಗ ನೋಡಿದೆ. ಮೊದಲ ಅರ್ಧ ಪುಟ ಇತ್ತು: ಮಹಾರಾಜರ ಕಾಲ, ಸಾಗುವಾನಿ ತೊಲೆ, ಹೆಂಚು. ಅದರ ಕೆಳಗೆ, ನಾನು ಬರೆಯದ ಎರಡು ಸಾಲಿನಲ್ಲಿ, ಅನೇಕ ಸ್ವಾತಂತ್ರ್ಯ ಹೋರಾಟಗಾರರು ಇಲ್ಲಿ ಸೆರೆವಾಸ ಅನುಭವಿಸಿದ್ದರು ಎಂದಿತ್ತು. ಪಕ್ಕದಲ್ಲಿ ನನ್ನ ಫೋಟೋ. ಉದ್ಘಾಟನೆಯ ದಿನ ವೇದಿಕೆಗೆ ಕರೆದು ಶಾಲು ಹೊದಿಸಿದರು. ಬೇಡ ಎನ್ನಬಹುದಿತ್ತು. ಅದನ್ನೂ ಅನ್ನಲಿಲ್ಲ.

ಅದಾದ ಮೇಲೆ ಅವಳನ್ನು ಹುಡುಕಿದೆ. ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟವಿರಲೇ ಇಲ್ಲ ಎಂಬುದು ಆಗ ತಿಳಿಯಿತು. ಬಳ್ಳಿಗಾವಿಯಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ ಅವರು ಈಗ ಮನೆ ಕಟ್ಟಿಕೊಂಡು ನೆಲೆ ನಿಂತಿದ್ದಾರೆ. ಕುರಿಗೆ ತಗಡಿನ ಶೆಡ್ಡು ಇದೆ. ಗಂಡ ತೀರಿಕೊಂಡಿದ್ದಾನೆ. ಮಗಳು ತಾಯಿಯ ಮನೆಗೇ ಬಂದು ಬಹಳ ವರ್ಷವಾಗಿದೆ. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡನಂತೆ.

ಸಂಜೆ ನಾಲ್ಕರ ಹೊತ್ತು. ತಾಯಿ ಅಂಗಳದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಒಂದು ಗಳಿಗೆ ಕಣ್ಣು ಕಿರಿದು ಮಾಡಿ, "ನೀವು ಕಾವಲಿದ್ದಾಕಿ ಅಲ್ಲೇನ್ರಿ?" ಎಂದಳು.

ಟೈಪಿಸ್ಟ್ ಎನ್ನಲಿಲ್ಲ, ರೊಟ್ಟಿ ಕೊಟ್ಟವಳು ಎನ್ನಲಿಲ್ಲ. ಹೌದು ಎಂದೆ. ಅಲ್ಲೇ ಜಗಲಿಯ ಅಂಚಿಗೆ ಕೂತು, ಸುತ್ತುಬಳಸದೆ ಹೇಳಿದೆ. ಪಹಣಿ ನನ್ನ ಚೀಲದಲ್ಲೇ ಇತ್ತು ಎಂದೆ. ಯಾರೂ ನನ್ನನ್ನು ತಡೆದಿರಲಿಲ್ಲ ಎಂದೆ.

ಅವಳ ಕೈ ನಿಂತಿತು.

"ಈಗ ಯಾಕ ಹೇಳ್ತೀರಿ?"

"ಹೇಳಬೇಕು ಅನ್ನಿಸಿತು."

"ನಿಮಗ ಅನ್ನಿಸ್ತು." ಮತ್ತೆ ಉಣ್ಣೆಗೆ ಕೈ ಹಾಕಿದಳು. "ಹೊಲ ಇದ್ದೋರು ಯಾರೂ ಸಿಗ್ಲಿಲ್ಲ ಅಂತ ತಿಳ್ಕಂಡಿದ್ದೆ. ಅದಽ ಒಂದ್ ಸಮಾಧಾನ ಇತ್ತು. ಅದನ್ನೂ ಕಿತ್ಕಂಡ್ರಿ."

ಬಾಗಿಲಲ್ಲಿ ಮಗಳು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ ಗೊತ್ತಿಲ್ಲ. ಮೂವತ್ತೊಂಬತ್ತು ಇರಬೇಕು, ನೋಡಲು ತಾಯಿಯ ತಂಗಿಯಂತಿದ್ದಳು. ನಾನು ಎದ್ದು ನಿಂತೆ. ಅವಳು ಒಳಗೆ ಹೋದಳು. ಚಹಾ ತರುತ್ತಾಳೇನೋ ಎಂದು ಒಂದು ಕ್ಷಣ ಅಂದುಕೊಂಡೆ. ಅಂದುಕೊಂಡೆನಲ್ಲ, ಅದಕ್ಕೂ ನಾಚಿಕೆಯಾಗುತ್ತದೆ. ಅವಳು ಒಂದು ಬುಟ್ಟಿ ಮೇವಿನ ಸೊಪ್ಪು ಹೊತ್ತು ಹೊರಗೆ ಬಂದು, ನನ್ನ ಪಕ್ಕದಲ್ಲೇ ಹಾದು, ಶೆಡ್ಡಿನ ಗೇಟು ತೆಗೆದಳು.

"ಆ ಕಡಿ ಸರೀರಿ," ಎಂದಳು, ನನ್ನ ಮುಖ ನೋಡದೆ. "ಕುರಿ ಬರೋ ಹೊತ್ತಾತು. ದಾರಿಯಾಗ ನಿಂತ್ರ ಬೆದರ್ತಾವ."

ಸರಿದು ನಿಂತೆ. ಕುರಿ ಬಂದವು, ಒಳಗೆ ಹೋದವು. ತಾಯಿ ಮಗಳು ಇಬ್ಬರೂ ಎಣಿಸುವುದರಲ್ಲಿದ್ದರು. ಹೊರಡುತ್ತೇನೆ ಎಂದೆ. ಅವರ ಎಣಿಕೆ ಮುಂದುವರಿಯಿತು. ರಸ್ತೆಗೆ ಬಂದು ಶಿರಾಳಕೊಪ್ಪದ ಬಸ್ಸಿಗೆ ಕಾದೆ.